ಸಿಪಾಯಿಯ ಒಂದು ಪೌಂಡ್ ಹಿಟ್ಟು ಯಾರ ಹೊಣೆ?

1790ರ ಏಪ್ರಿಲ್ 30ರಂದು ಅಮೆರಿಕದ ಕಾಂಗ್ರೆಸ್ಸು, ಅಂದರೆ ಅಲ್ಲಿನ ಸಂಸತ್ತು, ಒಂದು ಕಾಯ್ದೆ ಮಾಡಿತು. ಸಿಪಾಯಿಗೆ ದಿನಕ್ಕೆ ಎಷ್ಟು ಪಡಿ ಕೊಡಬೇಕು ಅಂತ ಅದರಲ್ಲಿ ಬರೆದಿತ್ತು. ಒಂದು ಪೌಂಡ್ ದನದ ಮಾಂಸ, ಇಲ್ಲದಿದ್ದರೆ ಮುಕ್ಕಾಲು ಪೌಂಡ್ ಹಂದಿ ಮಾಂಸ. ಒಂದು ಪೌಂಡ್ ಬ್ರೆಡ್ಡು ಅಥವಾ ಹಿಟ್ಟು. ಅರ್ಧ ಗಿಲ್ ರಮ್ಮು, ಬ್ರಾಂದಿ ಅಥವಾ ವಿಸ್ಕಿ. ಅರ್ಧ ಗಿಲ್ ಅಂದರೆ ಹತ್ತಿರ ಹತ್ತಿರ 60 ಮಿಲಿ, ನಮ್ಮ ಬಾರಿನ ಒಂದು ಲಾರ್ಜು. ಇದರ ಜೊತೆಗೆ ನೂರು ಪಡಿಗೆ, ಅಂದರೆ ನೂರು ಜನರ ಒಂದು ದಿನದ ಪಾಲಿಗೆ, ಒಂದು ಕ್ವಾರ್ಟ್ (ಹತ್ತಿರ ಹತ್ತಿರ ಒಂದು ಲೀಟರ್) ಉಪ್ಪು, ಎರಡು ಕ್ವಾರ್ಟ್ ವಿನೆಗರ್, ಎರಡು ಪೌಂಡ್ ಸಾಬೂನು, ಒಂದು ಪೌಂಡ್ ಮೇಣದ ಬತ್ತಿ. ಸಂಬಳ ತಿಂಗಳಿಗೆ 3 ಡಾಲರ್. ಅದರಲ್ಲೂ 90 ಸೆಂಟ್ ಬಟ್ಟೆಗೆ, 10 ಸೆಂಟ್ ಆಸ್ಪತ್ರೆಗೆ ಅಂತ ಮುರಿದುಕೊಳ್ಳುತ್ತಿದ್ದರು. ಕೈಗೆ ಸಿಗುವುದು 2 ಡಾಲರ್.

ಸಂಬಳ ಹೋಗಲಿ, ಹೊಟ್ಟೆಗೆ ಮೋಸವಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಮರುವರ್ಷವೇ ಇದೇ ಹಿಟ್ಟಿಗಾಗಿ ಕಾದು ಕಾದು ಒಂದು ಸೇನೆ ಕಾಡಿನ ನಡುವೆ ನಾಶವಾಯಿತು. ಎಷ್ಟು ಕೊಡಬೇಕು ಎನ್ನುವುದನ್ನು ಕಾಯ್ದೆ ಅಳೆದು ತೂಗಿ ಹೇಳಿತ್ತು. ಬರದೇ ಹೋದರೆ ಯಾರ ಕೊರಳಪಟ್ಟಿ ಹಿಡಿಯಬೇಕು ಎನ್ನುವುದನ್ನು ಹೇಳಿರಲಿಲ್ಲ. ಆ ಒಂದು ಪ್ರಶ್ನೆ ಇತ್ಯರ್ಥವಾಗಲು ಆ ದೇಶಕ್ಕೆ 1775ರಿಂದ 1818ರವರೆಗೆ, 40 ವರ್ಷಕ್ಕೂ ಜಾಸ್ತಿ ಹಿಡಿಯಿತು.

ಹಿಟ್ಟಿನ ಲೆಕ್ಕ

ಮೊದಲು ಇದು ಯಾಕೆ ಅಷ್ಟು ಕಷ್ಟ ಅಂತ ನೋಡೋಣ. ಸಾವಿರ ಜನರ ಸೇನೆಗೆ ದಿನಕ್ಕೆ ಸಾವಿರ ಪೌಂಡ್ ಹಿಟ್ಟು ಬೇಕು. ಆ ಕಾಲದ ಒಂದು ಪೀಪಾಯಿಯಲ್ಲಿ 196 ಪೌಂಡ್ ಹಿಟ್ಟು ತುಂಬುತ್ತಿದ್ದರು. ಅಂದರೆ ದಿನಕ್ಕೆ ಐದು ಪೀಪಾಯಿ. ಬಂಡಿ ಹೋಗದ ಕಾಡುದಾರಿಯಲ್ಲಿ ಹಿಟ್ಟನ್ನು ಚೀಲಕ್ಕೆ ತುಂಬಿ ಕುದುರೆಯ ಮೇಲೆ ಹೇರಬೇಕು. ಒಂದು ಕುದುರೆಗೆ ಒಂದು ಪೀಪಾಯಿಯಷ್ಟು ಹಿಟ್ಟು ಅಂತಿಟ್ಟುಕೊಳ್ಳಿ. ದಾರಿ ಹತ್ತು ದಿನದ್ದಾದರೆ ಹೋಗಿ ಬರಲು 20 ದಿನ. ದಿನಾ ಐದು ಕುದುರೆ ಬಂದು ತಲುಪಬೇಕಾದರೆ ಆ ದಾರಿಯಲ್ಲಿ ಯಾವಾಗಲೂ 100 ಕುದುರೆ ಓಡಾಡುತ್ತಿರಬೇಕು. ಇದು ಬರೀ ಹಿಟ್ಟಿಗಾಯಿತು. ಮದ್ದು, ಗುಂಡು, ಡೇರೆ, ಔಷಧಿ ಬೇರೆ. ದನಗಳು ತಮ್ಮ ಕಾಲಿನ ಮೇಲೆ ತಾವೇ ನಡೆದು ಬರುತ್ತವೆ, ಅದೊಂದು ಪುಣ್ಯ. ಆದರೆ ಕುದುರೆಗೂ ದನಕ್ಕೂ ಮೇವು ಬೇಕು. ಚಳಿ ಬಿದ್ದು ಹುಲ್ಲು ಒಣಗಿತೋ, ಇಡೀ ಲೆಕ್ಕ ಬುಡಮೇಲು.

ಇದನ್ನು ನೋಡಿಕೊಳ್ಳುವವರಲ್ಲಿ ಇಬ್ಬರ ಹೆಸರು ಮತ್ತೆ ಮತ್ತೆ ಬರುತ್ತದೆ. ಕ್ವಾರ್ಟರ್‌ಮಾಸ್ಟರ್ ಅಂದರೆ ಬಂಡಿ, ಕುದುರೆ, ದಾರಿ, ಡೇರೆ, ಬಿಡಾರದವನು. ಕಮಿಸರಿ ಅಂದರೆ ಊಟದವನು. ಮದುವೆ ಮನೆಯಲ್ಲಿ ಶಾಮಿಯಾನದವನೂ ಅಡುಗೆಯವನೂ ಬೇರೆ ಬೇರೆ ಇದ್ದಂತೆ. ಅಡುಗೆಯವನು "ಪಾತ್ರೆ ಬಂದಿಲ್ಲ" ಅನ್ನುತ್ತಾನೆ, ಶಾಮಿಯಾನದವನು "ಪಾತ್ರೆ ನನ್ನದಲ್ಲ" ಅನ್ನುತ್ತಾನೆ. ಮಧ್ಯದಲ್ಲಿ ಎಲೆ ಮುಂದೆ ಕೂತವರು ಕೈ ಕೈ ಹಿಸುಕಿಕೊಳ್ಳುತ್ತಾರೆ.

ಬರಿಗಾಲಿನ 2898 ಜನ

ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ಮೇಲೆ ಯುದ್ಧ ಶುರುವಾದ 1775ರಲ್ಲೇ ಕಾಂಗ್ರೆಸ್ಸು ಈ ಎರಡೂ ಹುದ್ದೆ ಮಾಡಿತು. ಥಾಮಸ್ ಮಿಫ್ಲಿನ್ ಕ್ವಾರ್ಟರ್‌ಮಾಸ್ಟರ್ ಜನರಲ್, ಜೋಸೆಫ್ ಟ್ರಂಬುಲ್ ಕಮಿಸರಿ ಜನರಲ್. ಶುರುವಿನಲ್ಲಿ ಹೇಗೋ ನಡೆಯಿತು. ಆಮೇಲೆ ಕಾಂಗ್ರೆಸ್ಸಿಗೆ ಹಣ ಸೋರಿಹೋಗುತ್ತಿದೆ ಎಂಬ ಅನುಮಾನ ಹತ್ತಿತು. 1777ರ ಜೂನ್‌ನಲ್ಲಿ, ಯುದ್ಧದ ನಟ್ಟನಡುವೆ, ಊಟದ ಇಲಾಖೆಯನ್ನು ಎರಡಾಗಿ ಒಡೆದರು. ಕೊಳ್ಳುವವರು ಬೇರೆ, ಹಂಚುವವರು ಬೇರೆ. ಲೆಕ್ಕದ ಪುಸ್ತಕಕ್ಕೆ ಉದ್ದುದ್ದ ನಿಯಮ ಬಂದವು. ಟ್ರಂಬುಲ್ ರಾಜೀನಾಮೆ ಕೊಟ್ಟು ಮನೆಗೆ ಹೋದ.

ಆ ಚಳಿಗಾಲದಲ್ಲೇ ವ್ಯಾಲಿ ಫೋರ್ಜ್ ಬಂತು. ಫಿಲಡೆಲ್ಫಿಯಾ ಪಟ್ಟಣ ಬ್ರಿಟಿಷರ ಕೈಯಲ್ಲಿತ್ತು. ಅದರ ಹತ್ತಿರದಲ್ಲೇ ಜಾರ್ಜ್ ವಾಷಿಂಗ್ಟನ್ನನ ಸೇನೆ ಬೀಡು ಬಿಟ್ಟಿತ್ತು. 1777ರ ಡಿಸೆಂಬರ್ 23ರಂದು ಅವನು ಕಾಂಗ್ರೆಸ್ಸಿನ ಅಧ್ಯಕ್ಷ ಹೆನ್ರಿ ಲಾರೆನ್ಸ್‌ಗೆ ಕಾಗದ ಬರೆದ. ಕಾಲಿಗೆ ಜೋಡಿಲ್ಲದೆ, ಮೈಗೆ ಬಟ್ಟೆಯಿಲ್ಲದೆ ಕೆಲಸಕ್ಕೆ ಬಾರದೆ ಕೂತವರು 2898 ಜನ ಅಂತ ಲೆಕ್ಕ ಕೊಟ್ಟ. ವ್ಯವಸ್ಥೆ ಬದಲಾಗದಿದ್ದರೆ ಈ ಸೇನೆ ಉಪವಾಸ ಬೀಳಬೇಕು, ಕರಗಿ ಹೋಗಬೇಕು, ಇಲ್ಲವೇ ಚದುರಿ ಹೋಗಬೇಕು ಅಂದ. ಆ ಬೀಡಿನಲ್ಲಿ ಸತ್ತವರು ಎರಡು ಸಾವಿರದ ಹತ್ತಿರ, ಹೆಚ್ಚಿನವರು ಕಾಯಿಲೆಯಿಂದ.

ವ್ಯಾಲಿ ಫೋರ್ಜ್ ಅಂದ ತಕ್ಷಣ ಹಿಮದ ಚಿತ್ರ ಕಣ್ಣಿಗೆ ಬರುತ್ತದೆ. ಚಳಿಯನ್ನು ಸುಮ್ನೆ ಬೈಯುತ್ತಾರೆ. ಆದರೆ ಆ ಸುತ್ತಿನ ಪೆನ್ಸಿಲ್ವೇನಿಯಾ ಬರಡು ನೆಲವಲ್ಲ, ಗೋಧಿ ಬೆಳೆಯುವ ಒಳ್ಳೆಯ ಸೀಮೆ. ಹಿಟ್ಟು ಇತ್ತು. ಅದನ್ನು ತರುವ ಬಂಡಿ ಇರಲಿಲ್ಲ. ಮಿಫ್ಲಿನ್ ಹುದ್ದೆ ಬಿಟ್ಟು ಹೋಗಿದ್ದ, ಹೊಸಬನನ್ನು ತಿಂಗಳುಗಟ್ಟಲೆ ನೇಮಿಸಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಬ್ರಿಟಿಷರು ಚಿನ್ನ ಬೆಳ್ಳಿಯ ನಾಣ್ಯ ಎಣಿಸುತ್ತಿದ್ದರು, ಕಾಂಗ್ರೆಸ್ಸು ಕಾಗದದ ನೋಟು ಕೊಡುತ್ತಿತ್ತು. ರೈತ ತನ್ನ ಚೀಲವನ್ನು ಎತ್ತ ಹೊತ್ತುಕೊಂಡು ಹೋಗುತ್ತಾನೆ, ನೀವೇ ಹೇಳಿ.

ಆ ನೋಟಿನ ಕತೆ ಚಿಕ್ಕದು. 1775ರ ಜೂನ್‌ನಲ್ಲಿ ಮೊದಲ ಕಂತು 20 ಲಕ್ಷ ಡಾಲರ್. 1779 ಮುಗಿಯುವ ಹೊತ್ತಿಗೆ ಅಚ್ಚು ಹಾಕಿದ್ದು ಸುಮಾರು 24 ಕೋಟಿ. ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್ಸಿಗೆ ಇರಲಿಲ್ಲ, ಅಚ್ಚುಯಂತ್ರ ಇತ್ತು. 1780ರ ಮಾರ್ಚ್‌ನಲ್ಲಿ ಕಾಂಗ್ರೆಸ್ಸೇ ತನ್ನ 40 ಡಾಲರ್ ನೋಟಿಗೆ ಒಂದು ಬೆಳ್ಳಿ ಡಾಲರ್ ಬೆಲೆ ಅಂತ ಒಪ್ಪಿಕೊಂಡಿತು.

1778ರ ಮಾರ್ಚ್‌ನಲ್ಲಿ ವಾಷಿಂಗ್ಟನ್ ತನ್ನ ಒಳ್ಳೆಯ ದಂಡನಾಯಕ ನಥಾನಿಯಲ್ ಗ್ರೀನ್‌ನನ್ನು ಹಿಡಿದು ಕ್ವಾರ್ಟರ್‌ಮಾಸ್ಟರ್ ಮಾಡಿದ. ಇತಿಹಾಸದಲ್ಲಿ ಕ್ವಾರ್ಟರ್‌ಮಾಸ್ಟರ್ ಹೆಸರು ಕೇಳಿದವರು ಯಾರಿದ್ದಾರೆ ಅಂತ ಅವನು ಗೊಣಗಿದ. ಗೊಣಗಿದರೂ ಕೆಲಸ ಚೆನ್ನಾಗಿ ಮಾಡಿದ. ಬಂಡಿ ಬಂದವು, ದಾರಿಯುದ್ದಕ್ಕೂ ಉಗ್ರಾಣ ಎದ್ದವು. ಆದರೆ ಅವನ ಸಂಪಾದನೆ ಸಂಬಳದಿಂದಲ್ಲ, ಕಮಿಷನ್‌ನಿಂದ. ಇಲಾಖೆ ಖರ್ಚು ಮಾಡಿದ ಹಣದಲ್ಲಿ ಅವನಿಗೆ ನೂರಕ್ಕೆ ಒಂದು, ಅವನ ಇಬ್ಬರು ಸಹಾಯಕರಿಗೆ ಒಂದೊಂದು. ಖರ್ಚು ಜಾಸ್ತಿಯಾದಷ್ಟೂ ಸಂಪಾದನೆ ಜಾಸ್ತಿ. ಗ್ರೀನ್ ಕದ್ದನೆಂದು ನಾನು ಹೇಳುತ್ತಿಲ್ಲ. ಅಂಥ ಏರ್ಪಾಡಿನಲ್ಲಿ ಕದಿಯದವನನ್ನೂ ಜನ ಕಳ್ಳನಂತೆ ನೋಡುತ್ತಾರೆ. 1780ರಲ್ಲಿ ಅವನೂ ಜಗಳವಾಡಿಕೊಂಡು ಹುದ್ದೆ ಬಿಟ್ಟ. ಅದೇ ವರ್ಷ ಕಾಂಗ್ರೆಸ್ಸು ಕೈಚೆಲ್ಲಿ, ಹಿಟ್ಟು, ಮಾಂಸ, ಮೇವನ್ನು ನೀವೇ ವಸ್ತುರೂಪದಲ್ಲಿ ಕೊಡಿ ಅಂತ ಒಂದೊಂದು ರಾಜ್ಯಕ್ಕೂ ಪಾಲು ಹಾಕಿತು. ರಾಜ್ಯಗಳು ಕೊಟ್ಟರೂ ಸೇನೆ ಇರುವ ಕಡೆಗೆ ಅದು ಬರಬೇಕಲ್ಲ!

1781ರಲ್ಲಿ ಫಿಲಡೆಲ್ಫಿಯಾದ ದೊಡ್ಡ ವ್ಯಾಪಾರಿ ರಾಬರ್ಟ್ ಮಾರಿಸ್ ಹಣಕಾಸಿನ ಮೇಲ್ವಿಚಾರಕನಾದ. ಅವನು ವ್ಯಾಪಾರಿಯ ದಾರಿ ಹಿಡಿದ. ಪಡಿಗೆ ಇಷ್ಟು ದುಡ್ಡು ಅಂತ ಗುತ್ತಿಗೆ. ಸರ್ಕಾರಕ್ಕೆ ಬಂಡಿ ಬೇಡ, ಗುಮಾಸ್ತರು ಬೇಡ. ತನ್ನ ಸ್ವಂತ ಹೆಸರಿನ ಮೇಲೆ ಚೀಟಿ ಬರೆದುಕೊಟ್ಟು ಸಾಲ ಎತ್ತಿದ. ಸೇನೆ ಯಾರ್ಕ್‌ಟೌನ್ ಕಡೆ ಹೊರಟಾಗ ಸಂಬಳ ಕೈಗೆ ಬಾರದೆ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ ಅಂತ ಸಿಪಾಯಿಗಳು ಗುಸುಗುಟ್ಟಿದರು. ಆಗ ಅವರ ಜೊತೆಗೂಡಿದ್ದ ಫ್ರೆಂಚ್ ಸೇನೆಯಿಂದ 20,000 ಡಾಲರ್ ನಾಣ್ಯ ಕೈಗಡ ತಂದು ಕೊಟ್ಟವನು ಇವನೇ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೇನೆ ಶರಣಾಯಿತು. ಈ ಕಾರ್ನ್‌ವಾಲಿಸನನ್ನು ನೆನಪಿಡಿ, ನಮ್ಮ ಕಡೆಗೂ ಬರುತ್ತಾನೆ.

80 ಜನರ ಸೇನೆ

ಯುದ್ಧ ಗೆದ್ದ ಮೇಲೆ ಹೊಸ ದೇಶಕ್ಕೆ ತನ್ನ ಸೇನೆಯನ್ನು ಕಂಡರೇ ಭಯ. ರಾಜನ ಕಾಯಂ ಸೇನೆಯ ಮೇಲಿನ ಸಿಟ್ಟು ಆ ಜನರ ರಕ್ತದಲ್ಲಿತ್ತು. 1783ರಲ್ಲಿ ಸಂಬಳ ಸಿಗದ ಪೆನ್ಸಿಲ್ವೇನಿಯಾದ ಸಿಪಾಯಿಗಳು ಬಂದೂಕು ಹಿಡಿದು ಕಾಂಗ್ರೆಸ್ ಭವನವನ್ನೇ ಸುತ್ತುವರಿದರು. ಸದಸ್ಯರು ಪ್ರಿನ್ಸ್‌ಟನ್‌ಗೆ ಓಡಿದರು. 1784ರ ಜೂನ್ 2ರಂದು ಇಡೀ ಸೇನೆಯನ್ನು ವಿಸರ್ಜಿಸಿ 80 ಜನರನ್ನು ಮಾತ್ರ ಉಳಿಸಿಕೊಂಡರು. ವೆಸ್ಟ್ ಪಾಯಿಂಟ್‌ನಲ್ಲಿ 55, ಪಿಟ್ಸ್‌ಬರ್ಗ್‌ನ ಕೋಟೆಯಲ್ಲಿ 25. ಕೆಲಸ ಉಗ್ರಾಣ ಕಾಯುವುದು. ನಮ್ಮ ಊರಿನ ಜಾತ್ರೆಗೆ ಬರುವ ಪೊಲೀಸರೇ ಇದಕ್ಕಿಂತ ಜಾಸ್ತಿ ಇರುತ್ತಾರೆ. ಮಾರನೆಯ ದಿನ ಗಡಿಗಾಗಿ ನಾಲ್ಕು ರಾಜ್ಯಗಳಿಂದ 700 ಜನರನ್ನು ಕೇಳಿದರು ಅನ್ನಿ.

ಆಮೇಲೆ ಬಂದ ಸಂವಿಧಾನದಲ್ಲೂ ಆ ಭಯ ಇದೆ. ಸೇನೆಗೆ ಕೊಡುವ ಹಣದ ಮಂಜೂರಾತಿ ಎರಡು ವರ್ಷ ಮೀರುವಂತಿಲ್ಲ. 1789ರ ಆಗಸ್ಟ್‌ನಲ್ಲಿ ಯುದ್ಧ ಇಲಾಖೆ ಹುಟ್ಟಿತು. ಇಲಾಖೆ ಅಂದರೆ ದೊಡ್ಡ ಕಚೇರಿ ಅಂದುಕೊಳ್ಳಬೇಡಿ. ಕಾರ್ಯದರ್ಶಿ ಹೆನ್ರಿ ನಾಕ್ಸ್, ಜೊತೆಗೆ ಬೆರಳೆಣಿಕೆಯ ಗುಮಾಸ್ತರು. ಸೇನೆ ನಡೆಸುವವನು ನಾಕ್ಸ್, ಹಣದ ಗಂಟು ಖಜಾನೆ ಕಾರ್ಯದರ್ಶಿ ಅಲೆಗ್ಸಾಂಡರ್ ಹ್ಯಾಮಿಲ್ಟನ್ ಕೈಯಲ್ಲಿ. ಕತ್ತಿ ಒಬ್ಬನ ಕೈಲಿ, ಥೈಲಿ ಇನ್ನೊಬ್ಬನ ಕೈಲಿ. ಜನರ ಹಕ್ಕು ಕಾಯಲು ಒಳ್ಳೆಯ ಉಪಾಯವೇ. ಕಾಡಿನಲ್ಲಿರುವ ಸಿಪಾಯಿಗೆ ಮಾತ್ರ ಇದರಿಂದ ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಸ್ಥಿತಿ.

ಊಟಕ್ಕೆ ಮಾರಿಸ್ ತಂದ ಗುತ್ತಿಗೆ ಪದ್ಧತಿಯೇ ಮುಂದುವರಿಯಿತು. ಪತ್ರಿಕೆಯಲ್ಲಿ ಪ್ರಕಟಣೆ, ಮುಚ್ಚಿದ ಲಕೋಟೆ, ಕಡಿಮೆ ದರದವನಿಗೆ ಕೆಲಸ. ಇಂಥ ಕೋಟೆಯಲ್ಲಿ ಪಡಿಗೆ ಇಷ್ಟು ಸೆಂಟು, ಇನ್ನೂ ದೂರದ ಕೋಟೆಯಲ್ಲಿ ಇಷ್ಟು ಅಂತ ದರಪಟ್ಟಿ. ಖರ್ಚು ಮೊದಲೇ ಗೊತ್ತಾಗುತ್ತದೆ, ಬೆಲೆ ಏರಿದರೆ ನಷ್ಟ ಗುತ್ತಿಗೆದಾರನಿಗೆ. ಶಾಂತಿಯ ಕಾಲದಲ್ಲಿ, ಒಂದೇ ಕಡೆ ಕೂತ ಪಾಳೆಯಕ್ಕೆ ಇದು ಸಾಕು.

ತೊಂದರೆ ಇರುವುದು ಇನ್ನೊಂದು ಕಡೆ. ದಂಡನಾಯಕನಿಗೆ ಬೇಕಾದ್ದು ಮುಂದಿನ ಕೋಟೆಯಲ್ಲಿ ಮೂರು ತಿಂಗಳ ದಾಸ್ತಾನು. ಗುತ್ತಿಗೆದಾರನಿಗೆ ದಾಸ್ತಾನು ಅಂದರೆ ಸತ್ತ ಹಣ. ಪಡಿ ಹಂಚಿದ ಮೇಲೆ ತಾನೇ ಅವನಿಗೆ ಬಿಲ್ಲು? ಕೋಟೆಯಲ್ಲಿ ಕೂತ ಹಿಟ್ಟು ಹುಳ ಹಿಡಿಯುತ್ತದೆ, ಬಡ್ಡಿ ಏರುತ್ತದೆ. ಹಾಗಾಗಿ ಇವತ್ತಿಗೆ ಬೇಕಾದಷ್ಟು ಇವತ್ತು ತರುವುದೇ ಅವನಿಗೆ ಲಾಭ. ಅವನನ್ನು ಸೇನೆಯ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ, ಅವನು ಸಿವಿಲಿಯನ್. ಹಿಟ್ಟು ಕೊಡದಿದ್ದರೆ ಬೇರೆ ಕಡೆ ಕೊಂಡು ಅವನ ಲೆಕ್ಕಕ್ಕೆ ಹಾಕಿ ಅನ್ನುವ ಏರ್ಪಾಡು ಇತ್ತು. ಓಹಾಯೋದ ಕಾಡಿನಲ್ಲಿ ಬೇರೆ ಕಡೆ ಅಂದರೆ ಎಲ್ಲಿ? ಅಲ್ಲೇನು ಸಂತೆ ನೆರೆಯುತ್ತಿತ್ತೇ?

1791: ದೊಡ್ಡ ಜೀನು, ಮೆತ್ತನೆಯ ಕೊಡಲಿ

ಓಹಾಯೋ ನದಿಯ ಉತ್ತರದ ನೆಲ ಮಯಾಮಿ, ಶಾನಿ ಮುಂತಾದ ಮೂಲನಿವಾಸಿಗಳದ್ದು. ಬಿಳಿಯರು ಅಲ್ಲಿಗೆ ನುಗ್ಗುತ್ತಿದ್ದರು, ಅವರು ತಡೆಯುತ್ತಿದ್ದರು. 1790ರಲ್ಲಿ ಹಾರ್ಮರ್ ಎಂಬ ದಂಡನಾಯಕ ಹೋಗಿ ಸೋತು ಬಂದ. 1791ರಲ್ಲಿ ಆರ್ಥರ್ ಸೇಂಟ್ ಕ್ಲೇರ್‌ಗೆ ಕೆಲಸ ವಹಿಸಿದರು. ಆರು ತಿಂಗಳ ಒಪ್ಪಂದದ ಮೇಲೆ ಜನರನ್ನು ಸೇರಿಸಿದರು. ಬೇಸಿಗೆಯಲ್ಲೇ ಹೊರಡಬೇಕು ಅಂತ ಲೆಕ್ಕ.

ಊಟದ ಗುತ್ತಿಗೆ ವಿಲಿಯಂ ಡ್ಯೂಯರ್‌ದು. ಇವನು ಸ್ವಲ್ಪ ದಿನ ಮೊದಲು ಹ್ಯಾಮಿಲ್ಟನ್ನನ ಕೈಕೆಳಗೆ ಖಜಾನೆಯ ಸಹಾಯಕ ಕಾರ್ಯದರ್ಶಿಯಾಗಿದ್ದವನು. ಬೇರೊಬ್ಬನ ಹೆಸರಿನಲ್ಲಿದ್ದ ಗುತ್ತಿಗೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಮುಂಗಡ ಹಣ ಕೈಗೆ ಬಂತು. ಅವನ ಮನಸ್ಸು ಮಾತ್ರ ನ್ಯೂಯಾರ್ಕ್‌ನಲ್ಲಿ ಜಮೀನು ಮತ್ತು ಬಾಂಡುಗಳ ಸಟ್ಟಾದಲ್ಲಿತ್ತು. ಸೇನೆಯ ಹಣವೂ ಆ ಕಡೆ ಹರಿಯಿತು. ಕ್ವಾರ್ಟರ್‌ಮಾಸ್ಟರ್ ಸ್ಯಾಮ್ಯುಯೆಲ್ ಹಾಡ್ಜ್‌ಡನ್. ಸೇಂಟ್ ಕ್ಲೇರ್ ಮೇಲಿಂದ ಮೇಲೆ ಕಾಗದ ಬರೆದು ಕರೆದರೂ ಇವನು ಓಹಾಯೋದ ಫೋರ್ಟ್ ವಾಷಿಂಗ್ಟನ್ ಕೋಟೆಗೆ, ಅಂದರೆ ಈಗಿನ ಸಿನ್ಸಿನಾಟಿಗೆ, ಕಾಲಿಟ್ಟಿದ್ದು ಸೆಪ್ಟೆಂಬರ್‌ನಲ್ಲಿ.

ಬಂದ ಸಾಮಾನು ಹೇಗಿತ್ತು? ಹೇರು ಹೊರುವ ಕುದುರೆಗಳ ಜೀನು ಆ ಕುದುರೆಗಳಿಗೆ ತೀರಾ ದೊಡ್ಡದಾಗಿದ್ದವು. ನನಗೆ ಈ ಇಡೀ ವಿಷಯದ ಹುಚ್ಚು ಹತ್ತಿದ್ದೇ ಈ ಜೀನಿನಿಂದ. ಕುದುರೆ ನೋಡದೆ ಜೀನು ಕೊಂಡವನು ಯಾರಿರಬಹುದು ಅಂತ. ಕೊಡಲಿಗಳು ಮೆತ್ತಗೆ, ಮರಕ್ಕೆ ಹೊಡೆದರೆ ಬಾಗುತ್ತಿದ್ದವು. ಕಾಡು ಕಡಿದು ದಾರಿ ಮಾಡಬೇಕಾದ ಸೇನೆಗೆ ಬಾಗುವ ಕೊಡಲಿ! ಡೇರೆ ಸೋರುತ್ತಿದ್ದವು. ತೋಟಾ ಕಟ್ಟುವುದು, ಬಂದೂಕು ರಿಪೇರಿ, ಫಿರಂಗಿ ಗಾಡಿಯ ಕೆಲಸ ಎಲ್ಲವನ್ನೂ ಕೋಟೆಯಲ್ಲೇ ಕೂತು ಮಾಡಿಕೊಳ್ಳಬೇಕಾಯಿತು. ಆ ಕೆಲಸದಲ್ಲಿ ಬೇಸಿಗೆ ಕಳೆದುಹೋಯಿತು.

ಅಕ್ಟೋಬರ್‌ನಲ್ಲಿ ಹೊರಟರು. ಒಂದು ತಿಂಗಳಲ್ಲಿ ನೂರು ಮೈಲಿಯೂ ಸಾಗಲಿಲ್ಲ. ಹಿಟ್ಟಿಗಾಗಿ ದಾರಿಯಲ್ಲಿ ದಿನಗಟ್ಟಲೆ ಕೂತರು. ಹುಲ್ಲಿಗೆ ಹಿಮ ಬಡಿದು ಕುದುರೆಗಳು ಬಡಕಲಾದವು. ಆರು ತಿಂಗಳ ಅವಧಿ ಮುಗಿದವರು ಮನೆಗೆ ಹೊರಟರು. ಅಕ್ಟೋಬರ್ 31ರಂದು ಮಿಲಿಷಿಯಾದ, ಅಂದರೆ ಊರಿನ ಜನರಿಂದ ಸೇರಿಸಿದ ತಾತ್ಕಾಲಿಕ ಪಡೆಯ, ಸುಮಾರು 60 ಜನ ಪಾಳೆಯ ಬಿಟ್ಟು ಓಡಿದರು. ಹಿಂದಿನಿಂದ ಬರುತ್ತಿರುವ ಹಿಟ್ಟಿನ ಕುದುರೆಗಳನ್ನು ನಾವೇ ದೋಚುತ್ತೇವೆ ಅಂತ ಹೇಳಿ ಹೋಗಿದ್ದರು. ಸೇಂಟ್ ಕ್ಲೇರ್ ಏನು ಮಾಡಬೇಕು? ಇದ್ದವರಲ್ಲಿ ಚೆನ್ನಾಗಿ ಪಳಗಿದ ಮೊದಲನೇ ರೆಜಿಮೆಂಟನ್ನು, ಸುಮಾರು 300 ಜನರನ್ನು, ಹಿಟ್ಟು ಕಾಯಲು ಹಿಂದಕ್ಕೆ ಕಳಿಸಿದ.

ನವೆಂಬರ್ 4ರ ಬೆಳಗಿನ ಜಾವ, ವಬಾಷ್ ನದಿಯ ದಂಡೆಯಲ್ಲಿ, ಮಯಾಮಿಗಳ ಲಿಟಲ್ ಟರ್ಟಲ್ ಮತ್ತು ಶಾನಿಗಳ ಬ್ಲೂ ಜಾಕೆಟ್ ನಾಯಕತ್ವದಲ್ಲಿ ಮೂಲನಿವಾಸಿಗಳು ಪಾಳೆಯದ ಮೇಲೆ ಬಿದ್ದರು. ಅಲ್ಲಿದ್ದವರು ಸುಮಾರು 1400. ಸತ್ತವರು 600ಕ್ಕೂ ಹೆಚ್ಚು. ಮೂಲನಿವಾಸಿಗಳ ಎದುರು ಅಮೆರಿಕದ ಸೇನೆ ಇಷ್ಟು ಕೆಟ್ಟದಾಗಿ ಹಿಂದೆಯೂ ಸೋತಿರಲಿಲ್ಲ, ಮುಂದೆಯೂ ಸೋಲಲಿಲ್ಲ. ಮೊದಲನೇ ರೆಜಿಮೆಂಟು ಆಗ ದಾರಿಯಲ್ಲಿ ಹಿಟ್ಟಿನ ಜೊತೆ ಇತ್ತು.

ಇಲ್ಲಿ ಒಂದು ಅಡ್ಡಮಾತು. ಅದೇ 1791ರ ಮೇ ತಿಂಗಳಲ್ಲಿ, ಯಾರ್ಕ್‌ಟೌನ್‌ನಲ್ಲಿ ಸೋತಿದ್ದ ಅದೇ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಎದುರಿಗೆ ನಿಂತಿದ್ದ. ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದಿದ್ದ. ಮೇ 15ರಂದು ಅರಕೆರೆಯ ಹತ್ತಿರ ಟಿಪ್ಪುವಿನ ಸೇನೆಯನ್ನು ಹಿಂದಕ್ಕೆ ತಳ್ಳಿಯೂ ಇದ್ದ. ಆದರೂ ವಾಪಸ್ ಹೋದ. ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು, ಅಕ್ಕಿ ಮುಗಿದಿತ್ತು. ಕೋಟೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ಎಳೆಯಲು ಎತ್ತಿಲ್ಲದೆ ತಾನೇ ನಾಶಮಾಡಿದ. ಮರುವರ್ಷ ಬಂದಾಗ ಎತ್ತಿನ ಹಿಂಡಿನ ಮೇಲೆ ದವಸ ಹೇರಿಕೊಂಡು ಬರುವ ಬಂಜಾರರನ್ನು ದೊಡ್ಡ ಸಂಖ್ಯೆಯಲ್ಲಿ ಗೊತ್ತುಮಾಡಿಕೊಂಡೇ ಬಂದ. ಭೂಮಿಯ ಎರಡು ತುದಿಯಲ್ಲಿ, ಒಂದೇ ವರ್ಷ, ಎರಡು ಸೇನೆಗಳನ್ನು ಹಿಂಡಿದ್ದು ಹೇರು ಹೊರುವ ಪ್ರಾಣಿಗಳ ಸಂಕಟ. ಬಂಜಾರರಂಥ ಜನ ಓಹಾಯೋದಲ್ಲಿ ಇರಲಿಲ್ಲ ಅನ್ನುವುದೇ ವ್ಯತ್ಯಾಸ.

ತಪ್ಪು ಯಾರದು?

ಕಾಂಗ್ರೆಸ್ಸಿನ ಕೆಳಮನೆ 1792ರ ಮಾರ್ಚ್‌ನಲ್ಲಿ ವಿಚಾರಣೆಗೆ ಒಂದು ಸಮಿತಿ ಮಾಡಿತು. ಅಮೆರಿಕದ ಕಾಂಗ್ರೆಸ್ಸು ಸರ್ಕಾರದ ಕೆಲಸವನ್ನು ಹೀಗೆ ತನಿಖೆ ಮಾಡಿದ್ದು ಇದೇ ಮೊದಲು. ಕಾಗದಪತ್ರ ಕೊಡಿ ಅಂತ ಸಮಿತಿ ಕೇಳಿತು. ಅಧ್ಯಕ್ಷ ವಾಷಿಂಗ್ಟನ್ ಸಂಪುಟ ಕರೆದು ಯೋಚಿಸಿದ. ದೇಶಕ್ಕೆ ಹಾನಿಯಾಗುವ ಕಾಗದ ಇದ್ದರೆ ಅಧ್ಯಕ್ಷ ಅದನ್ನು ತಡೆಹಿಡಿಯಬಹುದು, ಆದರೆ ಇಲ್ಲಿ ಅಂಥದ್ದೇನೂ ಇಲ್ಲ ಅಂತ ತೀರ್ಮಾನಿಸಿ ಎಲ್ಲವನ್ನೂ ಕೊಟ್ಟ. ಇವತ್ತಿಗೂ ಅಮೆರಿಕದಲ್ಲಿ ಅಧ್ಯಕ್ಷ ಕಾಗದ ಕೊಡುವುದಿಲ್ಲ ಅಂದಾಗಲೆಲ್ಲ ಈ ಪ್ರಸಂಗ ಎದ್ದು ಬರುತ್ತದೆ. ಅಂಥ ದೊಡ್ಡ ತತ್ವದ ಬೇರಿನಲ್ಲಿ ಹೊಂದದ ಜೀನುಗಳಿವೆ.

ಸಮಿತಿ ಸೇಂಟ್ ಕ್ಲೇರ್‌ನದು ತಪ್ಪಿಲ್ಲ ಅಂದಿತು. ಕ್ವಾರ್ಟರ್‌ಮಾಸ್ಟರ್ ಮತ್ತು ಗುತ್ತಿಗೆದಾರನ ಕಡೆ ಬೆರಳು ತೋರಿಸಿತು. ನಾಕ್ಸ್ ಮತ್ತು ಹಾಡ್ಜ್‌ಡನ್ ಪ್ರತಿಭಟಿಸಿದರು. ಡ್ಯೂಯರ್ ಅಷ್ಟರಲ್ಲಿ ದಿವಾಳಿಯೆದ್ದು, ಮಾರುಕಟ್ಟೆಯನ್ನೂ ಮುಳುಗಿಸಿ, ಸಾಲಗಾರರ ಜೈಲು ಸೇರಿದ್ದ. ಸಿಪಾಯಿಗಳ ಉಪವಾಸಕ್ಕಾಗಿ ಅಲ್ಲ, ತನ್ನ ಸಾಲಕ್ಕಾಗಿ. 

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಮೇ ತಿಂಗಳಲ್ಲಿ ಹೊಸ ಕಾಯ್ದೆ ಬಂತು. ಸೇನೆಯ ಎಲ್ಲ ಖರೀದಿಯೂ ಇನ್ನು ಖಜಾನೆ ಇಲಾಖೆಯದು. ಹಣದ ಲೆಕ್ಕ ಗಟ್ಟಿಯಾಯಿತು, ನಿಜ. ಆದರೆ ನನ್ನ ಮಟ್ಟಿಗೆ ಇದು ಉಲ್ಟಾ ಮದ್ದು. ಕಾಡಿನಿಂದ ಬಂದ ದೂರು ಈಗ ಒಂದರ ಬದಲು ಎರಡು ಕಚೇರಿ ಸುತ್ತಬೇಕು.

ಮುಂದಿನ ದಂಡನಾಯಕ ಆಂಥೊನಿ ವೇಯ್ನ್ ಇದನ್ನು ಅರ್ಥಮಾಡಿಕೊಂಡವನು. ಅವನು ಅವಸರ ಮಾಡಲಿಲ್ಲ. ಎರಡು ವರ್ಷ ಸೇನೆಯನ್ನು ಪಳಗಿಸಿದ. ದಾರಿಯುದ್ದಕ್ಕೂ ಕೋಟೆ ಕಟ್ಟುತ್ತಾ, ಉಗ್ರಾಣ ತುಂಬಿಸುತ್ತಾ ಸಾಗಿದ. ಗುತ್ತಿಗೆದಾರರಾದ ಎಲಿಯಟ್ ಮತ್ತು ವಿಲಿಯಮ್ಸ್ ದಾಸ್ತಾನು ಮಾಡಲು ಎಳೆದಾಡಿದಾಗ ಅವರ ಜೊತೆ ಕಾದಾಡಿದ. ಸೇಂಟ್ ಕ್ಲೇರ್ ಸೋತ ಜಾಗದಲ್ಲೇ ಒಂದು ಕೋಟೆ ಎಬ್ಬಿಸಿ ಫೋರ್ಟ್ ರಿಕವರಿ ಅಂತ ಹೆಸರಿಟ್ಟ. 1794ರ ಜೂನ್ 30ರಂದು ಮೂಲನಿವಾಸಿಗಳು ಆ ಕೋಟೆಯ ಬಳಿ ಮೊದಲು ಬಿದ್ದಿದ್ದು ಹೇರುಕುದುರೆಗಳ ಸಾಲಿನ ಮೇಲೆ. ಎದುರಾಳಿಯ ಕತ್ತು ಎಲ್ಲಿದೆ ಅಂತ ಅವರಿಗೂ ಗೊತ್ತಿತ್ತು.

ಅವರ ಕಷ್ಟವೂ ಹೊಟ್ಟೆಯದೇ. ಸಾವಿರಾರು ಜನರನ್ನು ಒಂದೇ ಕಡೆ ಬಹಳ ದಿನ ಊಟ ಹಾಕಿ ಇಟ್ಟುಕೊಳ್ಳಲು ಅವರಿಂದ ಆಗುತ್ತಿರಲಿಲ್ಲ. ಯುದ್ಧಕ್ಕೆ ಮುಂಚೆ ಉಪವಾಸ ಇರುವುದು ಅವರ ಪದ್ಧತಿ. ವೇಯ್ನ್ ಬರುತ್ತಾನೆ ಅಂದುಕೊಂಡ ದಿನ ಬರಲಿಲ್ಲ. ಹಸಿದವರಲ್ಲಿ ಎಷ್ಟೋ ಜನ ಊಟಕ್ಕೆ ಅಂತ ಹಿಂದಕ್ಕೆ ಹೋಗಿದ್ದಾಗ, 1794ರ ಆಗಸ್ಟ್ 20ರಂದು, ಫಾಲನ್ ಟಿಂಬರ್ಸ್ ಎಂಬಲ್ಲಿ ಯುದ್ಧ ನಡೆದು ಅವರು ಸೋತರು. ಆಮೇಲೆ ವೇಯ್ನ್ ಮಾಮೀ ನದಿಯುದ್ದಕ್ಕೂ ಇದ್ದ ಅವರ ಜೋಳದ ಹೊಲಗಳನ್ನು ಸುಟ್ಟ. ಯುದ್ಧ ಒಂದು ಗಂಟೆಯ ಮಾತು. ಅವರ ಬೆನ್ನು ಮುರಿದದ್ದು ಸುಟ್ಟ ಬೆಳೆ.

ಬೆಂಕಿಯಲ್ಲಿ ಹೋದ ಕಾಗದ, ಅಂಚೆಯಲ್ಲಿ ಹೋದ ಯುದ್ಧ

ಮುಂದಿನ 20 ವರ್ಷ ವೇಗವಾಗಿ ದಾಟಿಬಿಡೋಣ. 1794ರಲ್ಲಿ ಸರ್ಕಾರ ತನ್ನದೇ ಬಂದೂಕು ಕಾರ್ಖಾನೆಗೆ ಮಂಜೂರಾತಿ ಕೊಟ್ಟಿತು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮೊದಲ ವರ್ಷ, 1795ರಲ್ಲಿ, 245 ಬಂದೂಕು ತಯಾರಾದವು. 1798ರಲ್ಲಿ ಎಲಿ ವಿಟ್ನಿ ಎರಡು ವರ್ಷದಲ್ಲಿ 10,000 ಬಂದೂಕು ಕೊಡುತ್ತೇನೆ ಅಂತ ಗುತ್ತಿಗೆ ಹಿಡಿದ. ಕೊಟ್ಟು ಮುಗಿಸಿದ್ದು 1809ರಲ್ಲಿ. 1795ರಲ್ಲಿ ಖಜಾನೆಯೊಳಗೆ ಸರಬರಾಜಿಗೆ ಅಂತಲೇ ಒಬ್ಬ ಅಧಿಕಾರಿ ಬಂದ. 1798ರಲ್ಲಿ ಖರೀದಿಯ ಅಧಿಕಾರ ಮತ್ತೆ ಯುದ್ಧ ಇಲಾಖೆಗೆ ಹೋಯಿತು. ಆ ವರ್ಷ ಫ್ರಾನ್ಸಿನ ಮೇಲೆ ಯುದ್ಧದ ಗುಲ್ಲು. ಹ್ಯಾಮಿಲ್ಟನ್ ಈಗ ಜನರಲ್ ಆಗಿ ಬಂದು, ಟೋಪಿ ಸರಿಯಿಲ್ಲ, ಗುಂಡಿ ಸರಿಯಿಲ್ಲ ಅಂತ ಯುದ್ಧ ಕಾರ್ಯದರ್ಶಿಗೆ ಕಾಗದದ ಮಳೆ ಸುರಿಸಿದ. ಮುದಿ ವಾಷಿಂಗ್ಟನ್‌ಗೆ ಹೊಸ ಸಮವಸ್ತ್ರ ಹೊಲಿಯಲು ಕೊಟ್ಟಿದ್ದರು. ಕಸೂತಿಗೆ ಚಿನ್ನದ ದಾರ ಸಿಗದೆ, ಅದು ಮುಗಿಯುವ ಮೊದಲೇ ಅವನು ತೀರಿಕೊಂಡ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಇಲ್ಲಿ ಜುಟ್ಟಿನ ಹೂವೂ ಸಿಗಲಿಲ್ಲ.

1800ರ ನವೆಂಬರ್ 8ರಂದು ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿತ್ತು. ರಾಜಧಾನಿ ಆಗಷ್ಟೇ ವಾಷಿಂಗ್ಟನ್ ಪಟ್ಟಣಕ್ಕೆ ಬಂದಿತ್ತು. ಯಾರು ಎಷ್ಟು ದಿನ ಸೇವೆ ಮಾಡಿದರು, ಯಾವ ಕೋಟೆಗೆ ಎಷ್ಟು ಪೀಪಾಯಿ ಹೋಯಿತು, ಯಾವ ಗುತ್ತಿಗೆದಾರ ಎಷ್ಟು ಬಾಕಿ ಎಂಬ ಕಾಗದಗಳೆಲ್ಲ ಬೂದಿಯಾದವು. ಇತ್ತೀಚೆಗೆ ವಿದ್ವಾಂಸರು ಬೇರೆ ಬೇರೆ ಊರಿನ ಗ್ರಂಥಾಲಯಗಳಲ್ಲಿ ಉಳಿದಿದ್ದ ಪ್ರತಿಗಳನ್ನು ಹೆಕ್ಕಿ ಆ ಕಡತವನ್ನು ಮತ್ತೆ ಜೋಡಿಸಿದ್ದಾರೆ. 

1802ರಲ್ಲಿ ಅಧ್ಯಕ್ಷ ಜೆಫರ್ಸನ್ನನ ಸರ್ಕಾರ ಖರ್ಚು ಉಳಿಸಲು ಕ್ವಾರ್ಟರ್‌ಮಾಸ್ಟರ್ ಇಲಾಖೆಯನ್ನೇ ಮುಚ್ಚಿತು. ಇಡೀ ದೇಶಕ್ಕೆ ಮೂವರು ಏಜೆಂಟರು. 1809ರಲ್ಲಿ ನ್ಯೂ ಆರ್ಲಿಯನ್ಸ್ ಹತ್ತಿರದ ಜೌಗಿನಲ್ಲಿ ಬೀಡುಬಿಟ್ಟ ಎರಡು ಸಾವಿರ ಜನರ ಸೇನೆ ಕಾಯಿಲೆ, ಹಾಳು ಹಿಟ್ಟು, ಪರಾರಿ ಎಲ್ಲ ಸೇರಿ ಅರ್ಧಕ್ಕೆ ಇಳಿಯಿತು. ಯಾರೂ ಪಾಠ ಕಲಿಯಲಿಲ್ಲ.

1812ರಲ್ಲಿ ಬ್ರಿಟನ್ ಮೇಲೆ ಯುದ್ಧ ಸಾರಲು ಮೂರು ತಿಂಗಳಿದೆ ಅನ್ನುವಾಗ ಕ್ವಾರ್ಟರ್‌ಮಾಸ್ಟರ್ ಇಲಾಖೆಗೆ ಮತ್ತೆ ಜೀವ ಕೊಟ್ಟರು. ಜೊತೆಗೆ ಖರೀದಿಯ ಕಮಿಸರಿ ಅಂತ ಇನ್ನೊಬ್ಬ. ಇಬ್ಬರಿಗೂ ಕೊಳ್ಳುವ ಅಧಿಕಾರ, ಗಡಿಗೆರೆ ಇಲ್ಲ. ಜೂನ್ 18ರಂದು ಯುದ್ಧ ಸಾರಿದರು. ಡೆಟ್ರಾಯಿಟ್ ಕಡೆ ಹೋಗುತ್ತಿದ್ದ ಜನರಲ್ ಹಲ್‌ಗೆ ಆ ಸುದ್ದಿಯನ್ನು ಸಾಮಾನ್ಯ ಅಂಚೆಯಲ್ಲಿ ಹಾಕಿದರು. ಅದು ಅವನ ಕೈಸೇರಿದ್ದು ಜುಲೈ 2ರಂದು. ಅಷ್ಟರಲ್ಲಿ ಅವನು ತನ್ನ ಸಾಮಾನು, ಕಾಗದಪತ್ರಗಳನ್ನು ಒಂದು ಹಡಗಿಗೆ ಹಾಕಿ ಕಳಿಸಿಬಿಟ್ಟಿದ್ದ. ಯುದ್ಧದ ಸುದ್ದಿ ಮೊದಲೇ ಗೊತ್ತಿದ್ದ ಬ್ರಿಟಿಷರು ಆರಾಮವಾಗಿ ಹಡಗನ್ನು ಹಿಡಿದರು. ಆಮೇಲೆ ಓಹಾಯೋದಿಂದ ಬರುತ್ತಿದ್ದ ಹಿಟ್ಟಿನ ಸಾಲು ದಾರಿಯಲ್ಲೇ ಸಿಕ್ಕಿಬಿತ್ತು. ಅದನ್ನು ತರಲು ಎರಡು ಸಲ ಹೋರಾಡಿಯೂ ಆಗದೆ ಹಲ್ ಆಗಸ್ಟ್ 16ರಂದು ಡೆಟ್ರಾಯಿಟ್ ಒಪ್ಪಿಸಿದ.

ಇದೇ ಯುದ್ಧದಲ್ಲಿ, 1814ರಲ್ಲಿ, ಕೆನಡಾದ ಬ್ರಿಟಿಷ್ ಅಧಿಪತಿ ಪ್ರೆವೋ ತನ್ನ ಸರ್ಕಾರಕ್ಕೆ ಬರೆದ ಮಾತು ಕೇಳಿ. ತನ್ನ ಸೇನೆಯ ಮೂರರಲ್ಲಿ ಎರಡು ಪಾಲು ತಿನ್ನುತ್ತಿರುವುದು ಅಮೆರಿಕದ ಗುತ್ತಿಗೆದಾರರು ವರ್ಮಾಂಟ್, ನ್ಯೂಯಾರ್ಕ್‌ನಿಂದ ತಂದುಕೊಟ್ಟ ದನದ ಮಾಂಸ ಅಂತ. ವ್ಯಾಲಿ ಫೋರ್ಜ್‌ನ ರೈತನ ಮೊಮ್ಮಕ್ಕಳು ಅನ್ನಬೇಕು. ಅಮೆರಿಕಕ್ಕೆ ಅಂಕಲ್ ಸ್ಯಾಮ್ ಎಂಬ ಅಡ್ಡಹೆಸರು ಬಂದದ್ದೂ ಈ ಕಾಲದ ಮಾಂಸದ ಪೀಪಾಯಿಗಳಿಂದಲೇ ಅನ್ನುವ ಕತೆಯಿದೆ. ಟ್ರಾಯ್ ಎಂಬ ಊರಿನ ಸ್ಯಾಮ್ಯುಯೆಲ್ ವಿಲ್ಸನ್ ಸೇನೆಗೆ ಮಾಂಸ ತುಂಬಿಸುತ್ತಿದ್ದನಂತೆ. ಪೀಪಾಯಿಯ ಮೇಲಿನ 'ಯು.ಎಸ್.' ನೋಡಿ ಜನ "ಇದು ಅಂಕಲ್ ಸ್ಯಾಮ್‌ದು" ಅಂತ ತಮಾಷೆ ಮಾಡಿದರಂತೆ.

ಕೊನೆಗೆ ಸಿಕ್ಕ ಕೊರಳಪಟ್ಟಿ

ದಕ್ಷಿಣದಲ್ಲಿ ಆಂಡ್ರ್ಯೂ ಜಾಕ್ಸನ್ ಎಂಬ ದಂಡನಾಯಕ ಕ್ರೀಕ್ ಎಂಬ ಮೂಲನಿವಾಸಿ ಜನಾಂಗದ ಮೇಲೆ ಯುದ್ಧ ಮಾಡುತ್ತಿದ್ದ. 1813ರ ಕೊನೆಯಲ್ಲಿ ಅಲಬಾಮಾದ ಫೋರ್ಟ್ ಸ್ಟ್ರೋಥರ್‌ನಲ್ಲಿ ಗುತ್ತಿಗೆದಾರರ ಹಿಟ್ಟು ಬರಲೇ ಇಲ್ಲ. ಹಸಿದ ಜನ ಮನೆಗೆ ಹೊರಟು ನಿಂತರು. ಜಾಕ್ಸನ್ ದಾರಿಗೆ ಅಡ್ಡನಿಂತು, ಬಂದೂಕನ್ನು ಕುದುರೆಯ ಕತ್ತಿನ ಮೇಲಿಟ್ಟು, ಮೊದಲು ಹೆಜ್ಜೆ ಇಟ್ಟವನನ್ನು ಸುಡುತ್ತೇನೆ ಅಂದ. ಊಟ ಕೇಳಲು ಬಂದ ಸಿಪಾಯಿಗೆ ತಾನು ತಿನ್ನುತ್ತಿದ್ದ ಓಕ್ ಮರದ ಕಾಯಿಯನ್ನೇ ಹಂಚಿದನೆಂಬ ಕತೆಯೂ ಇದೆ. 1818ರಲ್ಲಿ ಫ್ಲೋರಿಡಾದ ಗಡಿಗೆ ಹೋದಾಗಲೂ ಅದೇ ಗತಿ. ಕೋಟೆ ತಲುಪಿದರೆ ಉಗ್ರಾಣ ಖಾಲಿ.

ಆ ಹೊತ್ತಿಗೆ ಯುದ್ಧ ಕಾರ್ಯದರ್ಶಿಯಾಗಿ ಬಂದಿದ್ದವನು ಜಾನ್ ಕಾಲ್ಹೂನ್. 1818ರ ಏಪ್ರಿಲ್ 14ರ ಕಾಯ್ದೆ ಗುತ್ತಿಗೆಯ ಪದ್ಧತಿಗೆ ಕೊನೆ ಹಾಡಿತು. ವ್ಯಾಪಾರಿಗಳು ಪೂರ್ತಿ ಹೋಗಲಿಲ್ಲ. ಟೆಂಡರ್ ಇತ್ತು, ಹಿಟ್ಟು ಮಾರುವವರು ಅವರೇ. ಆದರೆ ಅವರ ಕೆಲಸ ಉಗ್ರಾಣದ ಬಾಗಿಲಿಗೆ ಮುಗಿಯಿತು. ಅಲ್ಲಿ ಸೇನೆಯ ಅಧಿಕಾರಿ ಹಿಟ್ಟನ್ನು ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಸಾಗಿಸುವುದು ಕ್ವಾರ್ಟರ್‌ಮಾಸ್ಟರ್. ಕೋಟೆಯಲ್ಲಿ ಹಂಚುವುದು ಸಹಾಯಕ ಕಮಿಸರಿ. ಅವನು ಅದೇ ಪಾಳೆಯದ ಕಿರಿಯ ಅಧಿಕಾರಿ. ಜಾಮೀನು ಬರೆದುಕೊಟ್ಟಿರುತ್ತಾನೆ, ಸೇನೆಯ ಕಾನೂನಿಗೆ ಒಳಪಟ್ಟಿರುತ್ತಾನೆ. ಹಿಟ್ಟು ಬರದಿದ್ದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಈಗ ಒಂದು ಮುಖ, ಒಂದು ಹೆಸರು, ಒಂದು ಸಮವಸ್ತ್ರ ಇತ್ತು. ಹಸಿದಾಗ ಅವನೂ ಅದೇ ಸಾಲಿನಲ್ಲಿ ಹಸಿದಿರುತ್ತಾನೆ.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಯುದ್ಧ ಬಂದಾಗ ಇಲಾಖೆ ಕಟ್ಟುವುದು, ಹೋದಾಗ ಕೆಡವುವುದು ನಿಂತಿತು. ಊಟದ ಇಲಾಖೆಗೆ ಜಾರ್ಜ್ ಗಿಬ್ಸನ್ ಬಂದ. ಸತ್ತ 1861ರವರೆಗೂ ಆ ಕುರ್ಚಿ ಬಿಡಲಿಲ್ಲ. ಕ್ವಾರ್ಟರ್‌ಮಾಸ್ಟರ್ ಜನರಲ್ ಥಾಮಸ್ ಜೆಸಪ್ 1818ರಿಂದ 1860ರವರೆಗೆ, 42 ವರ್ಷ ಅದೇ ಹುದ್ದೆಯಲ್ಲಿದ್ದ. ಇಷ್ಟು ವರ್ಷ ಒಬ್ಬನೇ ಕೂತರೆ ಜಡ್ಡು ಹಿಡಿಯುವುದೂ ಉಂಟು, ಅದು ಬೇರೆ ಮಾತು. ಹಳೆಯ ಕಡತ ಎಲ್ಲಿದೆ ಅಂತ ಗೊತ್ತಿರುವ ಮನುಷ್ಯ ಕಚೇರಿಯಲ್ಲಿ ಮೊದಲ ಸಲ ಇದ್ದ.

ಪಡಿಯ ಪಟ್ಟಿ ಮಾತ್ರ ಬಹಳ ಕಾಲ ಹೆಚ್ಚುಕಡಿಮೆ 1790ರದ್ದೇ ಉಳಿಯಿತು. ಅದರಲ್ಲಿ ಎದ್ದು ಕಾಣುವ ಒಂದು ತಿದ್ದುಪಡಿ ಬಂದದ್ದು 1832ರಲ್ಲಿ, ಫೋರ್ಟ್ ಸ್ಟ್ರೋಥರ್‌ನಲ್ಲಿ ಹಸಿದಿದ್ದ ಜಾಕ್ಸನ್ ಅಧ್ಯಕ್ಷನಾಗಿದ್ದಾಗ. ಆ ದಿನದ ಲಾರ್ಜು ಪಟ್ಟಿಯಿಂದ ಹೋಯಿತು. ಅದರ ಜಾಗದಲ್ಲಿ ನೂರು ಪಡಿಗೆ 4 ಪೌಂಡ್ ಕಾಫಿ, 8 ಪೌಂಡ್ ಸಕ್ಕರೆ ಅಂತ ಬರೆದರು.